ಜರ್ಮನಿಯ ಹಳ್ಳಿಯಲ್ಲಿ ಮನೆ ಹಿಡಿದಿದ್ದೀರಾ? ಮೊದಲು ನಿಮ್ಮ ಫೆರ್‌ಬಾಂಡ್ಸ್‌ಗೆಮೈಂಡೆ ಯಾವುದು ನೋಡಿಕೊಳ್ಳಿ

ಲುಡ್ವಿಗ್ಸ್‌ಹಾಫೆನ್, ಮಾನ್‌ಹೈಮ್ ಕಡೆ ಕೆಲಸಕ್ಕೆ ಬರುವ ನಮ್ಮವರಲ್ಲಿ ಸಿಟಿಯೊಳಗೆ ಮನೆ ಸಿಗದೆ ಸುತ್ತಲಿನ ಹಳ್ಳಿಗೆ ಬರುವವರು ಸುಮಾರು ಜನ ಇದ್ದಾರೆ. ಬಂದ ವಾರದಲ್ಲೇ ಫೋನ್ ಬರುತ್ತದೆ. "ಸಾರ್, ನಮ್ಮ ಊರಲ್ಲಿ ರಾಟ್‌ಹೌಸ್ (ಊರ ಪಂಚಾಯಿತಿ ಕಚೇರಿ) ಅಂತ ಬೋರ್ಡ್ ಇದೆ, ಹೋದರೆ ಬಾಗಿಲು ಹಾಕಿದೆ, ಒಳಗೆ ಒಂದು ನರಪಿಳ್ಳೆ ಇಲ್ಲ, ರಿಜಿಸ್ಟ್ರೇಷನ್ ಎಲ್ಲಿ ಮಾಡಿಸೋದು?" ಎಲ್ಲರಿಗೂ ಫೋನಲ್ಲಿ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ನಾಲ್ಕೈದು ಹಳ್ಳಿ ಸೇರಿದರೆ ಒಂದು ಗ್ರಾಮ ಪಂಚಾಯಿತಿ, ಅಲ್ವಾ? ಮೆಂಬರ್‌ಗಳೂ ಒಟ್ಟಿಗೆ, ಆಫೀಸೂ ಒಂದೇ, ಪಿಡಿಒ ಕೂಡ ಒಬ್ಬರೇ. ಇಲ್ಲಿ ಸ್ವಲ್ಪ ಬೇರೆ. ಪ್ರತಿ ಹಳ್ಳಿಗೂ ತನ್ನದೇ ಪಂಚಾಯಿತಿ ಇದೆ, ತನ್ನದೇ ಮೆಂಬರ್‌ಗಳು, ತನ್ನದೇ ಅಧ್ಯಕ್ಷ. ಆದರೆ ಪಿಡಿಒ, ಗುಮಾಸ್ತರು, ಲೆಕ್ಕ ಬರೆಯುವವರು, ಕಂಪ್ಯೂಟರು, ಸೀಲು ಇವೆಲ್ಲ ಪಾಲುದಾರಿಕೆಯಲ್ಲಿ ಒಂದೇ ಕಡೆ ಇರುತ್ತವೆ. ಆ ಹಳ್ಳಿ ಓರ್ಟ್ಸ್‌ಗೆಮೈಂಡೆ. ಹಳ್ಳಿಗಳ ಕೂಟ ಫೆರ್‌ಬಾಂಡ್ಸ್‌ಗೆಮೈಂಡೆ, ಬಾಯಿಮಾತಿನಲ್ಲಿ 'ಫೌ-ಗೇ'. ಅದರ ಮೇಲೆ ಜಿಲ್ಲೆ, ಅಂದರೆ ಲಾಂಡ್‌ಕ್ರೈಸ್. ನಿಮ್ಮ ಅರ್ಧ ಓಡಾಟ ತಪ್ಪುವುದು ಈ ಮೂರರಲ್ಲಿ ಯಾವ ಕೆಲಸ ಯಾರದು ಅಂತ ಗೊತ್ತಿದ್ದರೆ ಮಾತ್ರ.

ಯಾಕೆ ಹೀಗೆ ಅಂದರೆ, ನಮ್ಮ ರೈನ್‌ಲಾಂಡ್-ಪ್ಫಾಲ್ಸ್ ರಾಜ್ಯದಲ್ಲಿ ಗೆಮೈಂಡೆಗಳೇ, ಅಂದರೆ ಸ್ವಂತ ಪಂಚಾಯಿತಿ ಇರುವ ಊರುಗಳೇ, 2,300ರ ಹತ್ತಿರ ಇವೆ. ಐಫೆಲ್ ಬೆಟ್ಟದ ಕಡೆ ಡೀರ್‌ಫೆಲ್ಡ್ ಅಂತ ಒಂದು ಊರಿದೆ, ಹತ್ತು ಜನರ ಆಸುಪಾಸು ಇದ್ದಾರೆ, ಅದೂ ಒಂದು ಗೆಮೈಂಡೆ! ಹತ್ತು ಜನಕ್ಕೆ ಒಂದು ಆಫೀಸು ಯಾರು ಕಟ್ಟುತ್ತಾರೆ? ಹಾಗಂತ ಊರನ್ನು ಪಕ್ಕದ ಊರಿಗೆ ಸೇರಿಸಿ ಹೆಸರು ಅಳಿಸಲೂ ಜನ ಒಪ್ಪುವುದಿಲ್ಲ. ಅದಕ್ಕೆ 1960ರ ದಶಕದ ಕೊನೆಯಿಂದ 1970ರ ದಶಕದ ಮೊದಲ ವರ್ಷಗಳವರೆಗೆ ನಡೆದ ಆಡಳಿತ ಸುಧಾರಣೆಯಲ್ಲಿ ಈ ಕೂಟದ ಪದ್ಧತಿ ಬಂತು. ಈಗ ರಾಜ್ಯದಲ್ಲಿ ಇಂಥವು 130ರ ಆಸುಪಾಸು ಇವೆ. ಆಮೇಲೆ ಕೆಲವು ಕೂಟಗಳನ್ನೂ ಒಟ್ಟು ಮಾಡಿದರು. ಲಾಂಬ್ಸ್‌ಹೈಮ್-ಹೆಸ್‌ಹೈಮ್, ರೈನ್‌ಔವೆನ್, ರೋಮರ್‌ಬೆರ್ಗ್-ಡೂಡೆನ್‌ಹೋಫೆನ್ ಎಲ್ಲ 2014ರಲ್ಲಿ ಹುಟ್ಟಿದವು. ಹಾಗಾಗಿ ಹಳೇ ಕಾಗದದಲ್ಲಿ ಬೇರೆ ಹೆಸರು ಕಂಡರೆ ಗಾಬರಿ ಬೇಡ.

ನಿಮ್ಮದು ಯಾವ ಕೂಟ ಅಂತ ಮನೆ ಓನರ್ ಹತ್ತಿರ ಕೇಳಿ, ಒಂದು ನಿಮಿಷದ ಕೆಲಸ. ಉದಾಹರಣೆಗೆ ಫುಸ್‌ಗೋನ್‌ಹೈಮ್‌ನಲ್ಲೋ ಬಿರ್ಕೆನ್‌ಹೈಡೆಯಲ್ಲೋ ಮನೆ ಹಿಡಿದರೆ ನಿಮ್ಮ ಫೌ-ಗೇ ಮಾಕ್ಸ್‌ಡೋರ್ಫ್. ಹೋಖ್‌ಡೋರ್ಫ್-ಆಸೆನ್‌ಹೈಮ್ ಆದರೆ ಡಾನ್‌ಷ್ಟಾಟ್-ಷೌವರ್ನ್‌ಹೈಮ್. ಹೆಸರು ಒಂದೇ ಉಸಿರಿಗೆ ಹೇಳಲು ನನಗೆ ಆರು ತಿಂಗಳು ಬೇಕಾಯಿತು.

ಮೊದಲ ಕೆಲಸ ಆನ್‌ಮೆಲ್ಡುಂಗ್, ವಿಳಾಸ ನೋಂದಣಿ. ಮನೆ ಸೇರಿದ ಎರಡು ವಾರದೊಳಗೆ ಆಗಬೇಕು. ಇದು ಆಗುವುದು ಫೌ-ಗೇ ಆಫೀಸಿನ ಬ್ಯುರ್ಗರ್‌ಬ್ಯೂರೋದಲ್ಲಿ, ಅಂದರೆ ಜನರ ಸೇವಾ ಕೌಂಟರ್‌ನಲ್ಲಿ. ಪಾಸ್‌ಪೋರ್ಟ್ ಜೊತೆ ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್ ಬೇಕು, ಅಂದರೆ "ಇವರು ಇಂಥ ತಾರೀಕಿಗೆ ನನ್ನ ಮನೆಗೆ ಬಂದರು" ಅಂತ ಓನರ್ ಸಹಿ ಹಾಕಿದ ಒಂದು ಹಾಳೆ. ಬಾಡಿಗೆ ಕರಾರು ಅದರ ಬದಲಿಗೆ ನಡೆಯುವುದಿಲ್ಲ. ನಾನು ಹನ್ನೆರಡು ಪುಟದ ಕರಾರು ಹಿಡಿದುಕೊಂಡು ಜಂಬದಿಂದ ಹೋಗಿದ್ದೆ, ಅದನ್ನು ಮುಟ್ಟಿಯೂ ನೋಡದೆ ವಾಪಸ್ ಕಳಿಸಿದರು. ಮನೆಯ ಕೀಲಿ ಇಸ್ಕೊಳ್ಳುವ ದಿನವೇ ಆ ಹಾಳೆಯನ್ನೂ ಇಸ್ಕೊಳ್ಳಿ.

ಆನ್‌ಮೆಲ್ಡುಂಗ್ ಫಾರಂನಲ್ಲಿ ಧರ್ಮ ಅಂತ ಒಂದು ಕಾಲಂ ಬರುತ್ತದೆ. ಅದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟಂಟ್ ಅಂತ ದಾಖಲಾದರೆ ಚರ್ಚ್ ತೆರಿಗೆ ಶುರುವಾಗುತ್ತದೆ, ಈ ರಾಜ್ಯದಲ್ಲಿ ನೀವು ಕಟ್ಟುವ ಆದಾಯ ತೆರಿಗೆಯ ಮೇಲೆ 9%. ಮಂಗಳೂರು ಕಡೆಯ ಕ್ಯಾಥೊಲಿಕ್ ಸ್ನೇಹಿತರು ಕೆಲವರು ಖುಷಿಯಿಂದಲೇ ಕಟ್ಟುತ್ತಾರೆ, ಕೆಲವರು ಸಂಬಳದ ಚೀಟಿ ನೋಡಿದ ಮೇಲೆ ಕಣ್ಣು ಬಿಡುತ್ತಾರೆ. ತಿಳಿದು ಬರೆಸಿ ಅಷ್ಟೇ.

ಹೆಸರಿನ ವಿಷಯ ಇನ್ನೊಂದು. ನಮ್ಮವರಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇರುವುದಿಲ್ಲ. ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್, ಕೊನೆಗೆ ನಮ್ಮ ಹೆಸರು. ಪಾಸ್‌ಪೋರ್ಟಿನಲ್ಲಿ ಏನಿದೆಯೋ ಅಕ್ಷರ ಬಿಡದೆ ಅದನ್ನೇ ಎಲ್ಲ ಕಡೆ ಬಳಸಿ. ಬ್ಯಾಂಕಿಗೆ ಒಂದು, ಆಫೀಸಿಗೆ ಒಂದು ಅಂತ ಮಾಡಿದರೆ ಮುಂದೆ ಅಳುವುದು ನೀವೇ. ಅದೇ ಹೆಸರನ್ನು ಟಪಾಲು ಡಬ್ಬಿಯ ಮೇಲೂ ಅಂಟಿಸಿ, ಅದೇ ದಿನ. ಇಲ್ಲಿ ಟಪಾಲಿನವರು ಮನೆ ನಂಬರ್ ಒಂದನ್ನೇ ನೋಡಿ ಹಾಕುವುದಿಲ್ಲ, ಹೆಸರು ನೋಡುತ್ತಾರೆ. ನನ್ನ ಡಬ್ಬಿಯ ಮೇಲೆ ಹಳೇ ಬಾಡಿಗೆದಾರರ ಹೆಸರೇ ಇತ್ತು, ನೋಂದಣಿ ಆದಮೇಲೆ ತಾನಾಗೇ ಬರುವ ತೆರಿಗೆ ನಂಬರಿನ ಕಾಗದ ಎಲ್ಲಿಗೋ ವಾಪಸ್ ಹೋಯಿತು, ನಂಬರ್ ಕೊಡದ ಕಾರಣ ಮೊದಲ ಸಂಬಳದಲ್ಲಿ ಆರನೇ ತೆರಿಗೆ ಕ್ಲಾಸಿನ ಲೆಕ್ಕದಲ್ಲಿ, ಅಂದರೆ ಎಲ್ಲಕ್ಕಿಂತ ಜಾಸ್ತಿ ತೆರಿಗೆ ಕಡಿದರು. ಆಮೇಲೆ ಹಣ ಸಿಕ್ಕಿತು ಬಿಡಿ, ಆದರೆ ಆ ತಿಂಗಳು ಬರೀ ಅನ್ನ, ತಿಳಿಸಾರು.

ಇನ್ನು ಫೌ-ಗೇ ಆಫೀಸಿಗೆ ಹೋಗಿ ವೀಸಾ ವಿಸ್ತರಣೆ ಕೇಳಬೇಡಿ. ಅದು ಜಿಲ್ಲೆಯ ಕೆಲಸ. ಔಸ್‌ಲೆಂಡರ್‌ಬೆಹೋರ್ಡೆ, ಅಂದರೆ ವಿದೇಶಿಯರ ಕಚೇರಿ, ಇರುವುದು ಕ್ರೈಸ್‌ಫೆರ್‌ವಾಲ್ಟುಂಗ್‌ನಲ್ಲಿ, ಅಂದರೆ ಜಿಲ್ಲಾ ಕಚೇರಿಯಲ್ಲಿ. ಗಾಡಿ ನೋಂದಣಿ, ಡ್ರೈವಿಂಗ್ ಲೈಸೆನ್ಸ್, ಕಸ ಎಲ್ಲ ಅದಕ್ಕೇ ಸೇರಿದ್ದು. ಇಲ್ಲಿ ಒಂದು ತಮಾಷೆ ಇದೆ. ನಮ್ಮ ರೈನ್-ಪ್ಫಾಲ್ಸ್-ಕ್ರೈಸ್‌ನ ಜಿಲ್ಲಾ ಕಚೇರಿ ಇರುವುದು ಲುಡ್ವಿಗ್ಸ್‌ಹಾಫೆನ್ ಸಿಟಿಯಲ್ಲಿ, ಆದರೆ ಆ ಸಿಟಿ ಈ ಜಿಲ್ಲೆಗೆ ಸೇರಿಲ್ಲ! ಬೆಂಗಳೂರು ಗ್ರಾಮಾಂತರದ ಡಿಸಿ ಆಫೀಸು ಬಹಳ ಕಾಲ ಸಿಟಿಯೊಳಗೇ ಇತ್ತಲ್ಲ, ಹಾಗೆ. ಸಿಟಿಯವರ ಗಾಡಿಗೆ ಎಲ್‌ಯು, ನಮ್ಮ ಹಳ್ಳಿ ಗಾಡಿಗೆ ಆರ್‌ಪಿ. ಅದಕ್ಕೇ ಲುಡ್ವಿಗ್ಸ್‌ಹಾಫೆನ್‌ನಲ್ಲಿರುವ ಸಹೋದ್ಯೋಗಿ "ನಾನು ಇಂಥ ಕಡೆ ಮಾಡಿಸಿದೆ" ಅಂದರೆ ಹಾಗೇ ನಂಬಿಕೊಂಡು ಹೋಗಬೇಡಿ, ಅವರ ಕಚೇರಿಯೇ ಬೇರೆ.

ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಪಾಸಾಗಬೇಕು. ಹಳ್ಳಿಯಲ್ಲಿದ್ದರೆ ಇದನ್ನು ಮುಂದೂಡಬೇಡಿ. ಮಾಕ್ಸ್‌ಡೋರ್ಫ್, ಫುಸ್‌ಗೋನ್‌ಹೈಮ್‌ನವರಿಗೆ ಬಾಡ್ ಡ್ಯುರ್ಕ್‌ಹೈಮ್‌ನಿಂದ ಮಾನ್‌ಹೈಮ್‌ಗೆ ಹೋಗುವ ಟ್ರಾಮ್ ಇದೆ, ಪುಣ್ಯವಂತರು. ಉಳಿದವರಿಗೆ ಬಸ್ಸೇ ಗತಿ, ಭಾನುವಾರ ಅದೂ ಕಮ್ಮಿ. ಮನೆ ಬದಲಾಯಿಸುವವರಿಗೂ ಒಂದು ಮಾತು: ವಾಸದ ಪರ್ಮಿಟ್ ಮುಗಿಯುವ ಹೊತ್ತಿನಲ್ಲಿ ಬೇರೆ ಜಿಲ್ಲೆಗೆ ಹೋಗಬೇಡಿ. ನಿಮ್ಮ ಫೈಲ್ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಹೋಗಿ ಸೇರುವವರೆಗೆ ನೀವು ಸುಮ್ಮನೆ ಕಾಯಬೇಕು.

ಮಕ್ಕಳಿರುವವರಿಗೆ: ಕೀಟಾ ಅಂದರೆ ಹುಳ ಅಲ್ಲ, ಶಿಶುವಿಹಾರ. ಈ ರಾಜ್ಯದಲ್ಲಿ ಎರಡು ವರ್ಷ ತುಂಬಿದ ಮಗುವಿಗೆ ಕೀಟಾ ಫೀಸು ಇಲ್ಲ, ಊಟದ ದುಡ್ಡು ಮಾತ್ರ ಬೇರೆ. ಆದರೆ ಸೀಟು ಸಿಗಬೇಕಲ್ಲ. ಆನ್‌ಮೆಲ್ಡುಂಗ್ ಆದ ದಿನವೇ ಹೆಸರು ಬರೆಸಿ ಬನ್ನಿ. ಒಂದರಿಂದ ನಾಲ್ಕನೇ ಕ್ಲಾಸಿನ ಗ್ರುಂಡ್‌ಶೂಲೆ ಸಾಮಾನ್ಯವಾಗಿ ಫೌ-ಗೇ ನೋಡಿಕೊಳ್ಳುವ ಶಾಲೆ, ನಿಮ್ಮ ವಿಳಾಸಕ್ಕೆ ಯಾವುದು ಗೊತ್ತಾಗಿದೆಯೋ ಅದಕ್ಕೇ ಸೇರಿಸಬೇಕು. ಡೊನೇಷನ್ ಇಲ್ಲ, ಶಿಫಾರಸೂ ನಡೆಯುವುದಿಲ್ಲ. ಮಗು ಇಲ್ಲೇ ಹುಟ್ಟಿದರೆ ಜನನ ಪತ್ರ ಕೊಡುವುದು ಆಸ್ಪತ್ರೆ ಇರುವ ಊರಿನ ಷ್ಟಾಂಡೆಸ್‌ಆಮ್ಟ್, ನಿಮ್ಮ ಹಳ್ಳಿಯದ್ದಲ್ಲ. ನಿಮ್ಮಿಬ್ಬರ ಜನನ ಪತ್ರ, ಮದುವೆ ಪತ್ರ ಊರಿಂದಲೇ ತನ್ನಿ (ಭಾರತದ ಅಪೊಸ್ಟಿಲ್ ಮುದ್ರೆಯನ್ನು ಜರ್ಮನಿ ಒಪ್ಪುವುದಿಲ್ಲ), ಜರ್ಮನ್ ಅನುವಾದ ಇಲ್ಲಿನ ಅಧಿಕೃತ ಅನುವಾದಕರ ಹತ್ತಿರ ಮಾಡಿಸಿ.

ಹಾಗಾದರೆ ಹಳ್ಳಿ ಪಂಚಾಯಿತಿಗೆ ಏನು ಕೆಲಸ? ಕಣ್ಣಿಗೆ ಕಾಣುವುದೆಲ್ಲ ಅದರದ್ದೇ. ಊರೊಳಗಿನ ರಸ್ತೆ, ಬೀದಿ ದೀಪ, ಮಕ್ಕಳ ಆಟದ ಜಾಗ, ಸ್ಮಶಾನ, ಸಮುದಾಯ ಭವನ. ಊರಿನ ಅಧ್ಯಕ್ಷರು ಓರ್ಟ್ಸ್‌ಬ್ಯುರ್ಗರ್‌ಮೈಸ್ಟರ್. ಜನರೇ ಐದು ವರ್ಷಕ್ಕೆ ಆರಿಸುತ್ತಾರೆ, ಸಂಬಳದ ಕೆಲಸ ಅಲ್ಲ, ಸ್ವಲ್ಪ ಭತ್ಯೆ ಬರುತ್ತದೆ ಅಷ್ಟೇ. ಹಗಲು ಎಲ್ಲೋ ಫ್ಯಾಕ್ಟರಿಯಲ್ಲೋ ದ್ರಾಕ್ಷಿ ತೋಟದಲ್ಲೋ ದುಡಿದು ವಾರಕ್ಕೊಂದು ಸಂಜೆ ರಾಟ್‌ಹೌಸ್‌ನಲ್ಲಿ ಕೂರುತ್ತಾರೆ. ನೀವು ಹೋದಾಗ ಬಾಗಿಲು ಹಾಕಿದ್ದು ಅದಕ್ಕೇ. ಫೌ-ಗೇಯ ಬ್ಯುರ್ಗರ್‌ಮೈಸ್ಟರ್ ಮಾತ್ರ ಪೂರ್ತಿ ಸಂಬಳದವರು, ಎಂಟು ವರ್ಷದ ಅವಧಿ.

ಈ ಊರ ಅಧ್ಯಕ್ಷರ ಹತ್ತಿರ ನಿಮ್ಮ ಒಂದು ಕಾಗದಕ್ಕೂ ಸೀಲು ಇರುವುದಿಲ್ಲ ನಿಜ. ಆದರೂ ಬಂದ ತಿಂಗಳಲ್ಲಿ ಹೋಗಿ ಒಂದು ಗೂಟನ್ ಟಾಗ್ ಹೇಳಿ ಬನ್ನಿ. ಖಾಲಿಯಾಗಲಿರುವ ದೊಡ್ಡ ಮನೆ ಯಾವುದು, ಯಾವ ಡಾಕ್ಟರ್ ಹೊಸಬರನ್ನು ತೆಗೆದುಕೊಳ್ಳುತ್ತಾರೆ ಅನ್ನುವುದು ಯಾವ ಆಪ್‌ನಲ್ಲೂ ಸಿಗುವುದಿಲ್ಲ, ಅವರಿಗೆ ಗೊತ್ತಿರುತ್ತದೆ. ಪಂಚಾಯಿತಿ ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಊರಿನಲ್ಲಿ ವಾಸ ಇರುವವರು ಪ್ರಶ್ನೆ ಕೇಳುವುದಕ್ಕೆ ಅಂತಲೇ ಸಮಯ ಇಡುತ್ತಾರೆ, ಅದಕ್ಕೆ ಪೌರತ್ವ ಬೇಕಿಲ್ಲ. ನಾನು ಒಮ್ಮೆ ಆಟದ ಜಾಗದಲ್ಲಿ ಕಿತ್ತುಹೋದ ಜೋಕಾಲಿ ಬಗ್ಗೆ ಕೇಳಿದೆ. ನನ್ನ ಜರ್ಮನ್ ಕೇಳಿ ಹಿಂದೆ ಕೂತಿದ್ದ ಅಜ್ಜ ನಕ್ಕರು. ಮೂರು ವಾರದಲ್ಲಿ ಹೊಸ ಸರಪಳಿ ಬಂತು. ಓಟು ಮಾತ್ರ ನಮಗಿಲ್ಲ, ಯುರೋಪಿಯನ್ ಯೂನಿಯನ್ ದೇಶದವರಿಗಷ್ಟೇ. ಆದರೆ ವಿದೇಶಿಯರು ಜಾಸ್ತಿ ಇರುವ ಕಡೆ ವಲಸಿಗರ ಪರವಾಗಿ ಒಂದು ಬೈರಾಟ್, ಅಂದರೆ ಸಲಹಾ ಮಂಡಳಿ, ಆರಿಸುತ್ತಾರೆ, ಅದಕ್ಕೆ ನಾವೂ ಓಟು ಹಾಕಬಹುದು.

ಡಬ್ಬಿಗೆ ಬಂದು ಬೀಳುವ ಆಮ್ಟ್ಸ್‌ಬ್ಲಾಟ್ ಪತ್ರಿಕೆಯನ್ನು ಜಾಹೀರಾತು ಅಂದುಕೊಂಡು ಎಸೆಯಬೇಡಿ. ನೀರು ಯಾವತ್ತು ನಿಲ್ಲುತ್ತದೆ, ಯಾವ ರಸ್ತೆ ಅಗೆಯುತ್ತಾರೆ, ಕೆರ್ವೆ ಅನ್ನುವ ಊರ ಜಾತ್ರೆ ಯಾವಾಗ, ಎಲ್ಲ ಅದರಲ್ಲೇ. ಫೋನಿನಲ್ಲಿ ಫೋಟೊ ಹೊಡೆದು ಅನುವಾದ ಮಾಡಿಕೊಂಡರೆ ಹತ್ತು ನಿಮಿಷದ ಓದು. ಮಧ್ಯಾಹ್ನ ಇದ್ದಕ್ಕಿದ್ದಂತೆ ಸೈರನ್ ಹೊಡೆದುಕೊಂಡರೆ ಯುದ್ಧ ಅಂತ ಓಡಬೇಡಿ, ಪರೀಕ್ಷೆ ಇದ್ದರೆ ಅದನ್ನೂ ಮೊದಲೇ ಹಾಕಿರುತ್ತಾರೆ. ಬೆಂಕಿ ಆರಿಸುವ ದಳ ಫೌ-ಗೇಯದ್ದು, ಆದರೆ ಓಡಿಬರುವವರು ಸ್ವಯಂಸೇವಕರು. ನಮ್ಮ ಮನೆ ಎದುರಿನ ಬಡಗಿ ಪೇಜರ್ ಕೂಗಿದರೆ ಊಟದ ತಟ್ಟೆ ಬಿಟ್ಟು ಓಡುತ್ತಾನೆ. ಹೊಸಬರನ್ನೂ ಸೇರಿಸಿಕೊಳ್ಳುತ್ತಾರೆ, ನಮ್ಮ ಹುಡುಗನೊಬ್ಬ ಸೇರಿ ಒಂದೇ ವರ್ಷದಲ್ಲಿ ಪ್ಫಾಲ್ಸ್ ಆಡುಮಾತು ಕಲಿತ, ಆಫೀಸಿನಲ್ಲಿ ಯಾರಿಗೂ ಅರ್ಥವಾಗುವುದಿಲ್ಲ ಅನ್ನುವುದು ಬೇರೆ.

ಬೇರೆ ರಾಜ್ಯದಲ್ಲಿ ಇರುವವರಿಗೆ ಈ ಕೂಟದ ಹೆಸರು ಬದಲಾಗುತ್ತದೆ. ಫೋಕ್ಸ್‌ವಾಗನ್ ಕೆಲಸಕ್ಕೆ ವೋಲ್ಫ್ಸ್‌ಬುರ್ಗ್ ಸುತ್ತ ಇರುವವರು ಸಾಮ್ಟ್‌ಗೆಮೈಂಡೆ ಹುಡುಕಿ. ಬ್ರಾಂಡೆನ್‌ಬುರ್ಗ್, ಶ್ಲೆಸ್ವಿಗ್-ಹೋಲ್‌ಷ್ಟೈನ್ ಕಡೆ ಬರೀ ಆಮ್ಟ್ ಅನ್ನುತ್ತಾರೆ, ಆಮ್ಟ್ ಅಂದರೆ ಕಚೇರಿ ಅಂತಲೂ ಅರ್ಥ, ಹಾಗಾಗಿ ಗೊಂದಲ ಗ್ಯಾರಂಟಿ. ಬವೇರಿಯಾದಲ್ಲಿ ಎರ್ಲಾಂಗೆನ್ ಪಕ್ಕದ ಉಟೆನ್‌ರಾಯ್ಟ್‌ನಂಥ ಕಡೆ ಅದು ಫೆರ್‌ವಾಲ್ಟುಂಗ್ಸ್‌ಗೆಮೈನ್‌ಶಾಫ್ಟ್, ಅದಕ್ಕೂ ಫೌ-ಗೇ ಅಂತಲೇ ಅನ್ನುತ್ತಾರೆ, ಆದರೆ ಅಲ್ಲಿ ಕೂಟದ ಮುಖ್ಯಸ್ಥರನ್ನು ಜನ ನೇರವಾಗಿ ಆರಿಸುವುದಿಲ್ಲ. ಹೆಸೆನ್, ನೋರ್ಡ್‌ರೈನ್-ವೆಸ್ಟ್‌ಫಾಲೆನ್‌ನಲ್ಲಿ ಇರುವವರು ಇಷ್ಟೆಲ್ಲ ಓದಬೇಕಿರಲಿಲ್ಲ, ಅಲ್ಲಿ ಹಳ್ಳಿಗಳನ್ನು ಆಗಲೇ ಸೇರಿಸಿ ದೊಡ್ಡ ಗೆಮೈಂಡೆ ಮಾಡಿಬಿಟ್ಟಿದ್ದಾರೆ.