ಐಟಿಪಿ ಇರುವವರು ವಿಟಮಿನ್ ಡಿ ಕೊರತೆಯನ್ನು ಪರೀಕ್ಷಿಸಿಕೊಂಡು ಸರಿಪಡಿಸಿಕೊಳ್ಳುವ ಬಗೆ

ಪ್ಲೇಟ್‌ಲೆಟ್ ಎಣಿಕೆಯ ವರದಿಯ ಜೊತೆಗೆ ವಿಟಮಿನ್ ಡಿ ಕಡಿಮೆಯಿದೆ ಎಂಬ ವರದಿಯೂ ಕೈಗೆ ಬಂದರೆ, ಐಟಿಪಿ (ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ನಾಶಮಾಡುವ ಕಾಯಿಲೆ) ಇರುವವರ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ ಒಂದೇ: ಇದನ್ನು ಸರಿಪಡಿಸಿದರೆ ಅದೂ ಸರಿಹೋಗುತ್ತದೆಯೇ? ಈ ಆಸೆ ಸಹಜವಾದದ್ದು, ಅದಕ್ಕೆ ಸ್ವಲ್ಪ ಆಧಾರವೂ ಇದೆ. ರೋಗನಿರೋಧಕ ಕಣಗಳಲ್ಲಿ ವಿಟಮಿನ್ ಡಿಗೆ ಸ್ಪಂದಿಸುವ ಗ್ರಾಹಕಗಳಿವೆ, ಮತ್ತು ಐಟಿಪಿ ರೋಗಿಗಳ ರಕ್ತದಲ್ಲಿ ಈ ವಿಟಮಿನ್ ಆರೋಗ್ಯವಂತರಿಗಿಂತ ಕಡಿಮೆ ಇರುವುದನ್ನು ಹಲವು ಅಧ್ಯಯನಗಳು ಗಮನಿಸಿವೆ. ಆದರೆ ಕಾಯಿಲೆಯಿಂದ ಮನೆಯೊಳಗೇ ಉಳಿಯುವವರಿಗೆ ಬಿಸಿಲು ಸಿಗುವುದು ಕಡಿಮೆ. ದೇಹದಲ್ಲಿ ಉರಿಯೂತ ಹೆಚ್ಚಿದಾಗಲೂ ರಕ್ತದಲ್ಲಿನ ಈ ಮಟ್ಟ ತಾನಾಗಿಯೇ ಇಳಿಯುತ್ತದೆ. ಆದ್ದರಿಂದ ಕೊರತೆಯು ಕಾಯಿಲೆಯ ಕಾರಣವೋ ಪರಿಣಾಮವೋ ಎಂಬುದನ್ನು ಇಂಥ ಅಧ್ಯಯನಗಳಿಂದ ಹೇಳಲಾಗದು. 2022ರಲ್ಲಿ ಪ್ರಕಟವಾದ, ವೈಟಲ್ ಎಂಬ ದೊಡ್ಡ ವೈದ್ಯಕೀಯ ಪ್ರಯೋಗದ ಫಲಿತಾಂಶದಲ್ಲಿ, ದಿನಕ್ಕೆ 2,000 ಯೂನಿಟ್ ವಿಟಮಿನ್ ಡಿಯನ್ನು ಸುಮಾರು ಐದು ವರ್ಷ ತೆಗೆದುಕೊಂಡ ಹಿರಿಯ ವಯಸ್ಕರಲ್ಲಿ ಹೊಸದಾಗಿ ಸ್ವಯಂನಿರೋಧಕ ಕಾಯಿಲೆ (ರೋಗನಿರೋಧಕ ವ್ಯವಸ್ಥೆ ತನ್ನ ದೇಹದ ಮೇಲೇ ದಾಳಿ ಮಾಡುವ ಕಾಯಿಲೆ) ಕಾಣಿಸಿಕೊಳ್ಳುವುದು ಶೇ. 22ರಷ್ಟು ಕಡಿಮೆಯಾಗಿತ್ತು. ಅದು ಕಾಯಿಲೆ ಬಾರದಂತೆ ತಡೆಯುವ ಮಾತೇ ಹೊರತು, ಈಗಾಗಲೇ ಬಂದಿರುವ ಐಟಿಪಿಯ ಚಿಕಿತ್ಸೆಯ ಮಾತಲ್ಲ. ಪ್ಲೇಟ್‌ಲೆಟ್ ಏರಲೆಂದು ಮಾತ್ರೆಯ ಪ್ರಮಾಣವನ್ನು ತಾವೇ ಹೆಚ್ಚಿಸಿಕೊಳ್ಳುವುದು, ಅಥವಾ ಅದನ್ನು ನಂಬಿ ವೈದ್ಯರು ಕೊಟ್ಟ ಔಷಧ ಬಿಡುವುದು, ಎರಡೂ ಅಪಾಯಕಾರಿ.

ಹಾಗಿದ್ದರೂ ಈ ಕೊರತೆಯನ್ನು ಕಡೆಗಣಿಸಬಾರದು. ನನ್ನ ದೃಷ್ಟಿಯಲ್ಲಿ ಅದಕ್ಕೆ ಮುಖ್ಯ ಕಾರಣ ಮೂಳೆಗಳು. ಐಟಿಪಿಗೂ, ಕೆಂಪು ರಕ್ತಕಣಗಳು ನಾಶವಾಗುವ ಆಟೋಇಮ್ಯೂನ್ ಹೀಮೋಲಿಟಿಕ್ ಅನೀಮಿಯಾಗೂ ಮೊದಲ ಚಿಕಿತ್ಸೆ ಸಾಮಾನ್ಯವಾಗಿ ಪ್ರೆಡ್ನಿಸೋಲೋನ್‌ನಂಥ ಸ್ಟೆರಾಯ್ಡ್. ಅದು ಕರುಳಿನಲ್ಲಿ ಕ್ಯಾಲ್ಸಿಯಂ ಹೀರಿಕೆಯನ್ನು ತಗ್ಗಿಸುತ್ತದೆ, ಮೂತ್ರದಲ್ಲಿ ಕ್ಯಾಲ್ಸಿಯಂ ಹೊರಹೋಗುವುದನ್ನು ಹೆಚ್ಚಿಸುತ್ತದೆ, ಹೊಸ ಮೂಳೆ ಕಟ್ಟುವ ಕಣಗಳನ್ನು ಕುಂಠಿತಗೊಳಿಸುತ್ತದೆ. ಮೂಳೆಯ ಸವೆತ ಸ್ಟೆರಾಯ್ಡ್ ಆರಂಭಿಸಿದ ಮೊದಲ ಕೆಲವು ತಿಂಗಳುಗಳಲ್ಲೇ ವೇಗವಾಗಿ ನಡೆಯುತ್ತದೆ. ದಿನಕ್ಕೆ 2.5 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸ್ಟೆರಾಯ್ಡನ್ನು ಮೂರು ತಿಂಗಳಿಗಿಂತ ಹೆಚ್ಚು ಕಾಲ ತೆಗೆದುಕೊಳ್ಳುವ ವಯಸ್ಕರು ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಸಾಕಷ್ಟು ಪಡೆಯುತ್ತಿರಬೇಕೆಂದು ಸಂಧಿವಾತ ತಜ್ಞರ ಮಾರ್ಗಸೂಚಿಗಳು ಹೇಳುವುದು ಇದಕ್ಕಾಗಿಯೇ. ಚಿಕಿತ್ಸೆ ಶುರುವಾದ ದಿನವೇ ಈ ವಿಷಯವನ್ನು ವೈದ್ಯರ ಮುಂದೆ ಎತ್ತುವುದು ಒಳ್ಳೆಯದು, ಏಕೆಂದರೆ ರಕ್ತಸ್ರಾವದ ಆತಂಕದ ನಡುವೆ ಮೂಳೆಯ ಮಾತು ಹಿಂದೆ ಸರಿದುಬಿಡುತ್ತದೆ.

ಮಾಡಿಸಬೇಕಾದ ಪರೀಕ್ಷೆಯ ಹೆಸರು 25-ಹೈಡ್ರಾಕ್ಸಿ ವಿಟಮಿನ್ ಡಿ. ಹೆಸರಿನಲ್ಲಿ ಇದನ್ನೇ ಹೋಲುವ 1,25-ಡೈಹೈಡ್ರಾಕ್ಸಿ ಎಂಬ ಇನ್ನೊಂದು ಪರೀಕ್ಷೆಯಿದೆ. ಅದು ಮೂತ್ರಪಿಂಡದಲ್ಲಿ ಸಿದ್ಧವಾಗುವ ಕ್ರಿಯಾಶೀಲ ರೂಪವನ್ನು ಅಳೆಯುವುದರಿಂದ, ದೇಹದ ದಾಸ್ತಾನು ಬರಿದಾಗಿದ್ದರೂ ಫಲಿತಾಂಶ ಸಹಜವಾಗಿಯೇ ಕಾಣಿಸಬಹುದು. ಕೂದಲಿಗೆಂದು ಹೆಚ್ಚು ಪ್ರಮಾಣದ ಬಯೋಟಿನ್ ಸೇವಿಸುವವರು ಅದನ್ನು ಮೊದಲೇ ತಿಳಿಸಬೇಕು. ಕೆಲವು ಯಂತ್ರಗಳಲ್ಲಿ ಅದರಿಂದ ವಿಟಮಿನ್ ಡಿ ಮಟ್ಟ ಇರುವುದಕ್ಕಿಂತ ಹೆಚ್ಚಾಗಿ ಕಾಣಿಸುತ್ತದೆ. ತೀವ್ರ ಜ್ವರ ಅಥವಾ ಸೋಂಕು ಇರುವಾಗ, ತುರ್ತಿಲ್ಲದಿದ್ದರೆ, ಗುಣವಾಗುವವರೆಗೆ ಕಾಯುವುದು ಮೇಲು. ಪ್ಲೇಟ್‌ಲೆಟ್ ತೀರಾ ಕಡಿಮೆಯಿರುವವರು ರಕ್ತ ತೆಗೆದ ಮೇಲೆ ಮೊಣಕೈ ಮಡಚದೆ, ಕೈಯನ್ನು ನೇರವಾಗಿ ಚಾಚಿಕೊಂಡು, ಹತ್ತಿಯನ್ನು ಕನಿಷ್ಠ ಐದು ನಿಮಿಷ ಒತ್ತಿ ಹಿಡಿಯಬೇಕು. ನಡುನಡುವೆ ಎತ್ತಿ ನೋಡಿದರೆ ಕಟ್ಟುತ್ತಿದ್ದ ರಕ್ತ ಮತ್ತೆ ಒಸರಿ, ಚರ್ಮದ ಕೆಳಗೆ ದೊಡ್ಡ ನೀಲಿ ಕಲೆ ಮೂಡುತ್ತದೆ.

ವರದಿ ಬಂದಾಗ ಅಂಕಿಗಿಂತ ಮೊದಲು ಅದರ ಪಕ್ಕದಲ್ಲಿರುವ ಅಳತೆಯ ಮಾನವನ್ನು ನೋಡಬೇಕು. ಕೆಲವು ಪ್ರಯೋಗಾಲಯಗಳು ಪ್ರತಿ ಮಿಲಿಲೀಟರಿಗೆ ನ್ಯಾನೋಗ್ರಾಂ ಎಂದೂ ಕೆಲವು ಪ್ರತಿ ಲೀಟರಿಗೆ ನ್ಯಾನೋಮೋಲ್ ಎಂದೂ ಬರೆಯುತ್ತವೆ, ಮೊದಲನೆಯದನ್ನು 2.5ರಿಂದ ಗುಣಿಸಿದರೆ ಎರಡನೆಯದು ಸಿಗುತ್ತದೆ. 20 ನ್ಯಾನೋಗ್ರಾಂ ಎಂಬುದೂ 50 ನ್ಯಾನೋಮೋಲ್ ಎಂಬುದೂ ಒಂದೇ. ಹೀಗಾಗಿ 45 ಎಂಬ ಅಂಕಿ ಒಂದು ಕಾಗದದಲ್ಲಿ ನೆಮ್ಮದಿಯ ಸುದ್ದಿಯಾದರೆ ಇನ್ನೊಂದರಲ್ಲಿ ಕೊರತೆಯ ಸುದ್ದಿ. 20 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಕೊರತೆಯೆಂದು ಬಹುತೇಕ ವೈದ್ಯರು ಪರಿಗಣಿಸುತ್ತಾರೆ. 20ರಿಂದ 30ರ ನಡುವಿನ ಮಟ್ಟದ ಬಗ್ಗೆ ತಜ್ಞರಲ್ಲೇ ಭಿನ್ನಾಭಿಪ್ರಾಯವಿದೆ. ಸ್ಟೆರಾಯ್ಡ್ ಮೇಲಿರುವವರಲ್ಲಿ ಮಟ್ಟವನ್ನು 30ರ ಮೇಲಿಡಲು ಅನೇಕರು ಬಯಸುತ್ತಾರೆ.

ಕೊರತೆ ಖಚಿತವಾದ ಮೇಲೆ, ದೊಡ್ಡ ಪ್ರಮಾಣದ ಮಾತ್ರೆ ಆರಂಭಿಸುವ ಮುನ್ನ ರಕ್ತದ ಕ್ಯಾಲ್ಸಿಯಂ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿಸಬೇಕು. ಮೂತ್ರಪಿಂಡದ ಕಲ್ಲಿನ ಇತಿಹಾಸವಿದ್ದರೆ ಅದನ್ನೂ ಹೇಳಬೇಕು. ಕೊರತೆಯನ್ನು ತುಂಬಲು ವಾರಕ್ಕೊಮ್ಮೆ 50,000 ಅಥವಾ 60,000 ಯೂನಿಟ್‌ನಂತೆ ಕೆಲವು ವಾರ ಕೊಟ್ಟು, ಆಮೇಲೆ ದಿನನಿತ್ಯದ ಸಣ್ಣ ಪ್ರಮಾಣಕ್ಕೆ ಬದಲಿಸುವ ಪದ್ಧತಿ ಬಳಕೆಯಲ್ಲಿದೆ. ಇಲ್ಲಿ ಆಗುವ ಅತಿ ಗಂಭೀರ ತಪ್ಪೆಂದರೆ ವಾರಕ್ಕೊಮ್ಮೆಯ ಮಾತ್ರೆಯನ್ನು ದಿನಕ್ಕೊಂದರಂತೆ ನುಂಗುವುದು. ಅದನ್ನು ತಡೆಯಲು, ಪ್ರತಿ ಮಾತ್ರೆಯ ಪಕ್ಕದಲ್ಲಿ ನುಂಗಬೇಕಾದ ತಾರೀಖನ್ನು ಪೊಟ್ಟಣದ ಮೇಲೆಯೇ ಪೆನ್ನಿನಿಂದ ಬರೆದಿಡಿ. ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವುದರಿಂದ ಸ್ವಲ್ಪ ಜಿಡ್ಡಿನಂಶವಿರುವ ಊಟದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹೀರಲ್ಪಡುತ್ತದೆ. ದೇಹತೂಕ ಹೆಚ್ಚಿರುವವರಿಗೆ ಹೆಚ್ಚಿನ ಪ್ರಮಾಣ ಬೇಕಾಗಬಹುದು.

ಪ್ಲೇಟ್‌ಲೆಟ್ ಹೆಚ್ಚಿಸುವ ಎಲ್‌ಟ್ರಾಂಬೋಪ್ಯಾಗ್ ಮಾತ್ರೆ ತೆಗೆದುಕೊಳ್ಳುವವರು ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಬೇಕು. ಕ್ಯಾಲ್ಸಿಯಂ, ಕಬ್ಬಿಣ, ಮೆಗ್ನೀಸಿಯಂ, ಸತುವಿನಂಥ ಖನಿಜಗಳು ಹೊಟ್ಟೆಯಲ್ಲಿ ಈ ಔಷಧಕ್ಕೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಬರಿಯ ವಿಟಮಿನ್ ಡಿಯಿಂದ ಈ ತೊಂದರೆಯಿಲ್ಲ, ಆದರೆ ಮಾರುಕಟ್ಟೆಯಲ್ಲಿರುವ ಎಷ್ಟೋ ವಿಟಮಿನ್ ಡಿ ಮಾತ್ರೆಗಳಲ್ಲಿ ಕ್ಯಾಲ್ಸಿಯಂ ಬೆರೆತಿರುತ್ತದೆ. ಮೂಳೆಯ ಒಳಿತಿಗೆಂದು ನುಂಗಿದ ಮಾತ್ರೆಯೇ ಪ್ಲೇಟ್‌ಲೆಟ್ ಇಳಿಯಲು ಕಾರಣವಾಗಬಹುದು, ಮತ್ತು ಔಷಧ ಕೆಲಸ ಮಾಡುತ್ತಿಲ್ಲವೆಂದು ಅದರ ಪ್ರಮಾಣವನ್ನು ವೃಥಾ ಏರಿಸುವ ಪರಿಸ್ಥಿತಿ ಬರಬಹುದು. ಎಲ್‌ಟ್ರಾಂಬೋಪ್ಯಾಗನ್ನು ಇಂಥ ಮಾತ್ರೆ, ಆಂಟಾಸಿಡ್ ಮತ್ತು ಹಾಲಿನ ಪದಾರ್ಥಗಳಿಗಿಂತ ಕನಿಷ್ಠ ಎರಡು ಗಂಟೆ ಮೊದಲು, ಇಲ್ಲವೇ ಅವನ್ನು ಸೇವಿಸಿ ನಾಲ್ಕು ಗಂಟೆಯ ನಂತರ ತೆಗೆದುಕೊಳ್ಳಬೇಕು. ಬೆಳಿಗ್ಗೆ 6 ಗಂಟೆಗೆ ಅದನ್ನು ನುಂಗಿ, 8 ಗಂಟೆಯವರೆಗೆ ಹಾಲು ಮೊಸರು ಮುಟ್ಟದೆ, ಕ್ಯಾಲ್ಸಿಯಂ ಬೆರೆತ ವಿಟಮಿನ್ ಡಿಯನ್ನು ಮಧ್ಯಾಹ್ನದ ಊಟಕ್ಕೆ ಇಟ್ಟುಕೊಂಡರೆ ಎರಡೂ ಒಂದಕ್ಕೊಂದು ಅಡ್ಡಬರುವುದಿಲ್ಲ. ಪ್ಲೇಟ್‌ಲೆಟ್ ಹೆಚ್ಚಿಸಲೆಂದೇ ಕೊಡುವ ರೋಮಿಪ್ಲೋಸ್ಟಿಮ್ ಚುಚ್ಚುಮದ್ದಿಗೆ ಈ ನಿರ್ಬಂಧ ಅನ್ವಯಿಸದು.

ಚುಚ್ಚುಮದ್ದೆಂದ ಕೂಡಲೇ ಇನ್ನೊಂದು ಎಚ್ಚರಿಕೆ. ವಿಟಮಿನ್ ಡಿಯನ್ನು ಸ್ನಾಯುವಿಗೆ ಚುಚ್ಚಿ ಕೊಡುವ ರೂಢಿಯೂ ಇದೆ, ಆದರೆ ಪ್ಲೇಟ್‌ಲೆಟ್ ಕಡಿಮೆಯಿದ್ದಾಗ ಸ್ನಾಯುವಿನೊಳಗೆ ರಕ್ತ ಸೋರಿ ಗಡ್ಡೆಕಟ್ಟುವ ಸಂಭವವಿರುವುದರಿಂದ ಬಾಯಿಯ ಮೂಲಕ ಕೊಡುವುದೇ ಸುರಕ್ಷಿತ. ಹಲವು ಪದಾರ್ಥ ಬೆರೆಸಿದ ಪೂರಕಗಳಲ್ಲಿ ಮೀನೆಣ್ಣೆ ಅಥವಾ ಹೆಚ್ಚಿನ ಪ್ರಮಾಣದ ವಿಟಮಿನ್ ಇ ಇದ್ದರೆ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಇವು ರಕ್ತ ಹೆಪ್ಪುಗಟ್ಟುವುದಕ್ಕೆ ಸ್ವಲ್ಪಮಟ್ಟಿಗೆ ಅಡ್ಡಿಯಾಗಬಲ್ಲವು.

ಬಿಸಿಲಿನಿಂದ ವಿಟಮಿನ್ ಡಿ ಪಡೆಯಬಹುದು, ಆದರೆ ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಿಂದ ಆಗದು, ಏಕೆಂದರೆ ಅದಕ್ಕೆ ಬೇಕಾದ ಯುವಿ-ಬಿ ಕಿರಣಗಳನ್ನು ಗಾಜು ತಡೆಯುತ್ತದೆ. ಲೂಪಸ್ ಎಂಬ ಇನ್ನೊಂದು ಸ್ವಯಂನಿರೋಧಕ ಕಾಯಿಲೆಯ ಜೊತೆಗೆ ಐಟಿಪಿ ಇರುವವರಲ್ಲಿ ಬಿಸಿಲೇ ಕಾಯಿಲೆಯನ್ನು ಕೆರಳಿಸಬಹುದಾದ್ದರಿಂದ ಅವರು ಮಾತ್ರೆಯನ್ನೇ ಅವಲಂಬಿಸುವುದು ಸರಿ.

ರಕ್ತದ ಮಟ್ಟ ಹೊಸ ಪ್ರಮಾಣಕ್ಕೆ ಹೊಂದಿಕೊಂಡು ಸ್ಥಿರವಾಗಲು ಸಮಯ ಬೇಕು, ಆದ್ದರಿಂದ ಎರಡೇ ವಾರದಲ್ಲಿ ಮತ್ತೆ ಪರೀಕ್ಷಿಸಿ ಪ್ರಯೋಜನವಿಲ್ಲ. ಸುಮಾರು ಮೂರು ತಿಂಗಳ ನಂತರ ಮಾಡಿಸಿದರೆ ಸಾಕು. ಅಷ್ಟರಲ್ಲಿ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ವಾಕರಿಕೆ, ಮಲಬದ್ಧತೆ ಅಥವಾ ಮನಸ್ಸಿನ ಗೊಂದಲ ಕಾಣಿಸಿಕೊಂಡರೆ ಮಾತ್ರೆ ನಿಲ್ಲಿಸಿ, ಅದೇ ದಿನ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಬೇಕು. ಸ್ಟೆರಾಯ್ಡ್ ಮೂರು ತಿಂಗಳು ದಾಟುವಂತಿದ್ದರೆ ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ತಮಗೆ ಬೇಕೇ ಎಂದು ಮುಂದಿನ ಭೇಟಿಯಲ್ಲೇ ಕೇಳಿ, ಮತ್ತು ಆ ಭೇಟಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪೊಟ್ಟಣಗಳನ್ನೂ ಜೊತೆಗೆ ಒಯ್ಯಿರಿ.