ಹಳೆ ಕಾರಿನ ಹರಾಜಿಗೆ ಹೊರಟಿದ್ದೀರಾ? ಮೊದಲು ಬಗ್ಗಿ ಕೆಳಗೆ ನೋಡಿ

ಬೆಂಗಳೂರಲ್ಲಿ ಹಳೆ ಕಾರುಗಳ ಪ್ರದರ್ಶನ, ಜೊತೆಗೆ ಹರಾಜು ಅಂದರೆ ನಮ್ಮ ಬಳ್ಳಾರಿಯಿಂದಲೂ ಜನ ಹೊರಡುತ್ತಾರೆ. ಹೋದವರು ಪಳಪಳ ಹೊಳೆಯುವ ಬಾನೆಟ್ ಪಕ್ಕ ಫೋಟೊ ತೆಗೆಸಿಕೊಳ್ಳುತ್ತಾರೆ, ಮಧ್ಯಾಹ್ನ ಹರಾಜಲ್ಲಿ ಕೈ ಎತ್ತುತ್ತಾರೆ. ಒಂದು ಮಳೆಗಾಲ ಕಳೆದ ಮೇಲೆ ಬಾಗಿಲ ಬುಡದಲ್ಲಿ ಬಣ್ಣ ಉಬ್ಬುತ್ತದೆ. ಆಗ ಯಾರನ್ನೂ ಕೇಳುವ ಹಾಗಿಲ್ಲ. ಹರಾಜಿನ ಮಾಲು ಇದ್ದ ಹಾಗೇ ನಿಮ್ಮದು.

ಹಂಪಿ ಎಕ್ಸ್‌ಪ್ರೆಸ್ಸಿಗೆ ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಚೀಲದಲ್ಲಿ ಟಾರ್ಚು, ಸಣ್ಣ ಅಯಸ್ಕಾಂತ, ಪೆನ್ಸಿಲ್, ತೆಳು ಕಾಗದ, ಒಂದು ಹಳೆ ಬಟ್ಟೆ ಇರಲಿ. ಗೇಟು ತೆಗೆಯುವ ಹೊತ್ತಿಗೇ ಒಳಗಿರಿ.

ಮೊದಲು ಬಾನೆಟ್ ಮೇಲೆ ಕೈ ಇಡಿ. ಆಗಲೇ ಬಿಸಿ ಇದ್ದರೆ ತಣ್ಣಗಿದ್ದಾಗ ಸ್ಟಾರ್ಟ್ ಆಗಲು ತಕರಾರಿದೆಯೇನೋ ಅಂತ ಅನುಮಾನಿಸಿ. ಸ್ಟಾರ್ಟ್ ಮಾಡಿಸಿ ಹೊಗೆ ನೋಡಿ. ನೀಲಿ ಅಂದರೆ ಆಯಿಲ್ ಉರೀತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಒಳಗೆ ನೀರು ನುಗ್ಗದಂತೆ ತಡೆಯುವ ತೆಳು ಹಾಳೆ) ಹೋಗಿರಬಹುದು. ಹೊಗೆ ನಿಲ್ಲಿಸುತ್ತೆ ಅಂತ ಡಬ್ಬಿಯಲ್ಲಿ ಮಾರುವ ಔಷಧ ನಂಬಬೇಡಿ, ಅದು ಆಯಿಲನ್ನು ಗಟ್ಟಿ ಮಾಡಿ ಕೆಲವು ದಿನ ರೋಗ ಮುಚ್ಚಿಡುತ್ತದೆ ಅಷ್ಟೇ. ಎಂಜಿನ್ ಇಪ್ಪತ್ತು ನಿಮಿಷ ಓಡಲಿ, ಟೆಂಪರೇಚರ್ ಮುಳ್ಳು ಏರ್ತಾನೇ ಹೋದರೆ ನಮ್ಮೂರಿನ ಮೇ ತಿಂಗಳಿಗೆ ಆ ಗಾಡಿ ಆಗಲ್ಲ.

ಇನ್ನು ಬಾಡಿ. ಎಲ್ಲರೂ ಎಡವುವುದು ಇಲ್ಲೇ. ಅಂಬಾಸಿಡರ್, ಪದ್ಮಿನಿ ಎರಡಕ್ಕೂ ಜೀಪಿಗಿರುವಂತೆ ಬೇರೆ ಚಾಸಿ (ಅಡಿಯ ಕಬ್ಬಿಣದ ಚೌಕಟ್ಟು) ಇಲ್ಲ, ಬಾಡಿಯೇ ಭಾರ ಹೊರುತ್ತದೆ. ನೆಲದ ತಗಡು ತಿಂದು ಹೋದರೆ ಗಾಡಿಯ ಬೆನ್ನೇ ಹೋದಂತೆ. ಮಾಲೀಕರನ್ನು ಕೇಳಿ, ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ (ಬಣ್ಣಕ್ಕೆ ಗೀರು ಬೀಳಬಾರದು) ಬಾಗಿಲ ಅಡಿ, ಚಕ್ರದ ಮೇಲಿನ ಕಮಾನು, ಮುಂದಿನ ಗಾಜಿನ ಬುಡ, ಡಿಕ್ಕಿಯ ನೆಲ, ಹೀಗೆ ನಿಧಾನ ಎಳೆಯುತ್ತಾ ಬನ್ನಿ. ಗಟ್ಟಿ ಹಿಡಿಯುತ್ತಿದ್ದದ್ದು ಒಂದು ಕಡೆ ಸಡಿಲಾಗಿ ಜಾರಿದರೆ ಬಣ್ಣದಡಿ ದಪ್ಪಗೆ ಪುಟ್ಟಿ (ತೂತು, ತಗ್ಗು ಮುಚ್ಚಲು ಮೆತ್ತುವ ಲೇಪ) ಇದೆ. ಬೆರಳಿಂದ ತಟ್ಟಿ: ತಗಡು ಟಣ್ ಅನ್ನುತ್ತದೆ, ಪುಟ್ಟಿ ಮಂಕಾಗಿ ಸದ್ದು ಮಾಡುತ್ತದೆ. ಹಳೆ ಲ್ಯಾಂಡ್ ರೋವರ್ ಮುಂದೆ ಈ ಪರೀಕ್ಷೆ ನಡೆಯಲ್ಲ, ಅದರ ಮೈ ಅಲ್ಯೂಮಿನಿಯಂ. ಆಮೇಲೆ ಕಾಲಡಿಯ ಮ್ಯಾಟ್ ಎತ್ತಿಸಿ. ಸ್ಪೇರ್ ಟೈರ್ ತೆಗೆಸಿ. ಹೊಸದಾಗಿ ಕಪ್ಪು ಬಳಿದ ಅಡಿಭಾಗ ಕಂಡರೆ ಟಾರ್ಚು ಹಾಕಿ ಎರಡು ಪಟ್ಟು ಹೊತ್ತು ನೋಡಿ. ನಮ್ಮ ಸಂಡೂರು ಗಣಿ ದಾರಿಯಲ್ಲಿ ಓಡಾಡಿದ ಜೀಪ್ ಆದರೆ ಕೆಂಪು ಕಂಡ ಕೂಡಲೇ ಹೆದರಬೇಡಿ. ಒದ್ದೆ ಬಟ್ಟೆಯಲ್ಲಿ ಉಜ್ಜಿ. ಅದಿರಿನ ಧೂಳು ಬಟ್ಟೆಗೆ ಬಂದು ಕೆಳಗೆ ನುಣುಪು ಕಬ್ಬಿಣ ಕಾಣುತ್ತದೆ, ತುಕ್ಕು ಮಾತ್ರ ಪದರ ಪದರವಾಗಿ ಏಳುತ್ತದೆ. ಕರಾವಳಿಯಲ್ಲಿ ಬಾಳಿದ ಕಾರಿಗಿಂತ ನಮ್ಮ ಒಣ ಸೀಮೆಯ ಕಾರು ಯಾವತ್ತೂ ಮೇಲು, ರಬ್ಬರ್ ಬೀಡಿಂಗ್ ಬಿರಿದಿದ್ದರೂ ಪರವಾಗಿಲ್ಲ.

ಬೇರೆ ಚಾಸಿ ಇಲ್ಲದ ಗಾಡಿಯಲ್ಲೂ ಚಾಸಿ ನಂಬರ್ ಅನ್ನುವ ಗುರುತಿನ ಸಂಖ್ಯೆ ಇರುತ್ತದೆ. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಆರ್‌ಸಿ (ನೋಂದಣಿ ಪತ್ರ) ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ. ಒಂದು ಅಂಕಿ ತಪ್ಪಿದ್ದರೂ ಅಲ್ಲಿಂದ ಹೊರಡಿ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು 2021ರ ನಿಯಮದ ಪ್ರಕಾರ ವಿಂಟೇಜ್ ಅಂತ ನೋಂದಾಯಿಸಬಹುದು, ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಸಂತೆಗೆ, ಮದುವೆಗೆ ಓಡಿಸುವ ಆಸೆ ಇದ್ದವರು ಇದನ್ನು ಮೊದಲೇ ಯೋಚಿಸಿ.

ಕೂಗುವಾಗ ನಿಮ್ಮ ಕೊನೆ ಬೆಲೆ ಚೀಟಿಯಲ್ಲಿ ಬರೆದು ಜೇಬಲ್ಲಿಡಿ. ಹರಾಜು ನಡೆಸುವವರ ಕಮಿಷನ್, ತೆರಿಗೆ, ಸಾಗಣೆ ಎಲ್ಲಾ ಅದರೊಳಗೇ ಬರಬೇಕು.

ಗೆದ್ದರೆ ಅವತ್ತೇ ಓಡಿಸಿಕೊಂಡು ಬರಬೇಡಿ, ಬಳ್ಳಾರಿ 300 ಕಿಲೋಮೀಟರ್ ಮೇಲಿದೆ. ಲಾರಿಯಲ್ಲಿ ಹಾಕಿಸಿ. ಗಾಡಿ ನಿಮ್ಮ ಹೆಸರಿಗೆ ವರ್ಗಾಯಿಸಲು ಬೇಕಾದ ಫಾರಂ 29, 30ಕ್ಕೆ ಮಾರಿದವರ ಸಹಿ ಅಲ್ಲೇ ಪಡೆಯಿರಿ, ಬೇರೆ ರಾಜ್ಯದ ಗಾಡಿ ಆದರೆ ಅಲ್ಲಿನ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಯಾವಾಗ ತಂದು ಕೊಡುತ್ತಾರೆ ಅಂತ ಬರೆಸಿಕೊಳ್ಳಿ, ಆಮೇಲೆ ಪೂರ್ತಿ ಹಣ ಕೊಡಿ.