ಹಳೇ ಕಾರಿಗೆ ಹೊಸ ಮ್ಯಾನಿಫೋಲ್ಡ್: ಬಿಚ್ಚುವುದೇ ದೊಡ್ಡ ಕೆಲಸ

ಹಳೇ ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಒಯ್ಯುವ ಕೊಳವೆ ಭಾಗ) ಬದಲಿಸಲು ಹೊರಟವರು ಮೊದಲ ಅರ್ಧ ಗಂಟೆಯಲ್ಲೇ ಸ್ಟಡ್ (ಅದನ್ನು ಎಂಜಿನ್‌ಗೆ ಹಿಡಿದಿರುವ, ನಟ್ ಹಾಕುವ ತಲೆಯಿಲ್ಲದ ಬೋಲ್ಟ್) ಮುರಿದುಕೊಂಡು ಕೂತಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹೊಸದನ್ನು ಕೂರಿಸುವುದು ಅಂಥ ಕಷ್ಟವಲ್ಲ. ಹಳೆಯದನ್ನು ಏನೂ ಮುರಿಯದೆ ಬಿಚ್ಚಬೇಕು, ಕಷ್ಟ ಇರುವುದು ಅಲ್ಲೇ. ಎರಡು ದಿನ ಬಿಡುವು ಮಾಡಿಕೊಂಡೇ ಕೈ ಹಾಕಿ.

ಮ್ಯಾನಿಫೋಲ್ಡ್ ನಿಜವಾಗಿ ಹೋಗಿದೆಯಾ ನೋಡಿ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು ಬಂದು, ಬಿಸಿಯಾದ ಮೇಲೆ ನಿಂತರೆ ಎಲ್ಲೋ ಸೋರುತ್ತಿದೆ ಎಂದರ್ಥ. ಕಬ್ಬಿಣ ಬಿಸಿಗೆ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಅದಕ್ಕೇ ಸದ್ದು ನಿಲ್ಲುವುದು. ಬರೀ ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ತೆಳು ಹಾಳೆ) ಸುಟ್ಟಿದ್ದರೆ ಅದನ್ನಷ್ಟೇ ಬದಲಿಸಿ. ಆದರೆ ಸೋರಿಕೆಯನ್ನು ಹಾಗೇ ಬಿಡಬೇಡಿ. ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಕಾರಿನೊಳಗೆ ಬರಬಹುದು.

ಮೊದಲ ದಿನ ಬ್ಯಾಟರಿ ವೈರ್ ತೆಗೆಯಿರಿ. ಕಾರ್ಬ್ಯುರೇಟರ್ ಮತ್ತು ಪೆಟ್ರೋಲ್ ಪೈಪ್ ಬಿಚ್ಚಿ ದೂರ ಇಡಿ. ಸ್ಟಡ್‌ಗಳ ಥ್ರೆಡ್ಡನ್ನು ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ. ಸಂಜೆ ಇನ್ನೊಂದು ಸಲ ಹಾಕಿ. ಅಂಗಡಿಯಲ್ಲಿ ಸಿಗುವ ಎಲ್ಲ ಸ್ಪ್ರೇ ಒಂದೇ ಅಲ್ಲ. ತೇವ ಓಡಿಸಲು ಮಾಡಿದ ತೆಳು ಸ್ಪ್ರೇಯಿಂದ ಇಲ್ಲಿ ಜಾಸ್ತಿ ಉಪಯೋಗವಿಲ್ಲ. ಪೆನೆಟ್ರೇಟಿಂಗ್ ಆಯಿಲ್ ಎಂದು ಕೇಳಿಯೇ ತನ್ನಿ.

ಮರುದಿನ ಆರು ಮೂಲೆಯ ಸಾಕೆಟ್ ಹಾಕಿ. ಓಪನ್ ಸ್ಪ್ಯಾನರ್ ಬೇಡವೇ ಬೇಡ, ನಟ್‌ನ ಮೂಲೆ ಸವೆಯುತ್ತದೆ. ಮೊದಲು ನಟ್ಟನ್ನು ಕೂದಲೆಳೆಯಷ್ಟು ಬಿಗಿ ಮಾಡಿ. ತುಕ್ಕಿನ ಹಿಡಿತ ಬಿಡುವಾಗ ಸಣ್ಣ ಕಿರ್ ಸದ್ದು ಕೇಳಬಹುದು. ಆಮೇಲೆ ಕಾಲು ಸುತ್ತು ಬಿಚ್ಚಿ, ಸ್ವಲ್ಪ ವಾಪಸ್ ತಿರುಗಿಸಿ, ಎಣ್ಣೆ ಹಾಕಿ, ಮತ್ತೆ ಬಿಚ್ಚಿ. ಒಂದೇ ಸಮ ಎಳೆಯಬೇಡಿ. ಕೈಗೆ ರಬ್ಬರ್ ತಿರುಚಿದ ಹಾಗೆ ಅನಿಸಿತೋ, ತಕ್ಷಣ ನಿಲ್ಲಿಸಿ. ತಿರುಗುತ್ತಿರುವುದು ನಟ್ ಅಲ್ಲ, ಸ್ಟಡ್ಡೇ ತಿರುಚಿಕೊಳ್ಳುತ್ತಿದೆ. ಇನ್ನೊಂದು ಎಳೆತಕ್ಕೆ ಅದು ಹೋಯಿತು.

ಅಲ್ಲಿಂದ ಮುಂದೆ ಬೆಂಕಿಯೇ ದಾರಿ. ಎಣ್ಣೆ ಒರೆಸಿ, ಸುತ್ತ ಪೆಟ್ರೋಲ್ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಗ್ಯಾಸ್ ಟಾರ್ಚ್‌ನಿಂದ ನಟ್ಟನ್ನು ಮಾತ್ರ ಕಾಯಿಸಿ, ಸ್ಟಡ್ಡನ್ನಲ್ಲ. ನಟ್ ಹಿಗ್ಗಿದರೆ ಹಿಡಿತ ಬಿಡುತ್ತದೆ. ಹೆಡ್ (ಮ್ಯಾನಿಫೋಲ್ಡ್ ಕೂರುವ, ಎಂಜಿನ್ನಿನ ಮೇಲ್ಭಾಗ) ಅಲ್ಯುಮಿನಿಯಂ ಆಗಿದ್ದರೆ ಉರಿ ಅದಕ್ಕೆ ತಾಗಬಾರದು. ಅದು ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ, ಕರಗಿಯೇ ಬಿಡುತ್ತದೆ. ಶುದ್ಧ ಅಲ್ಯುಮಿನಿಯಂ ಕರಗುವುದು ಸುಮಾರು 660 ಡಿಗ್ರಿ ಸೆಲ್ಸಿಯಸ್‌ಗೆ, ಹೆಡ್‌ನ ಮಿಶ್ರಲೋಹ ಅದಕ್ಕೂ ಮೊದಲೇ.

ಇಷ್ಟಾದರೂ ಸ್ಟಡ್ ಮುರಿದರೆ? ತುದಿ ಹೊರಗಿದ್ದರೆ ಅದರ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿಸಿ. ವೆಲ್ಡಿಂಗ್ ಬಿಸಿಗೇ ತುಕ್ಕು ಸಡಿಲವಾಗುತ್ತದೆ. ಸ್ಟಡ್ ಎಕ್ಸ್‌ಟ್ರಾಕ್ಟರ್ (ಮುರಿದ ಸ್ಟಡ್ಡನ್ನು ಕಚ್ಚಿ ಹೊರತೆಗೆಯುವ ಉಪಕರಣ) ನನಗಂತೂ ಬೇಡ. ಅದು ಒಳಗೇ ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದನ್ನು ಕೊರೆಯಲಾರದು.

ಹಳೇ ಗ್ಯಾಸ್ಕೆಟ್‌ನಲ್ಲಿ ಆಸ್ಬೆಸ್ಟಾಸ್ (ಉಸಿರಿನಲ್ಲಿ ಒಳಹೋದರೆ ಅಪಾಯ ಮಾಡುವ ನಾರು) ಇರಬಹುದು. ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡೇ ಕೆರೆಯಿರಿ.

ಹೊಸ ಮ್ಯಾನಿಫೋಲ್ಡ್ ಸಪಾಟಾಗಿಯೇ ಇರುತ್ತದೆ ಎಂದು ನಂಬಬೇಡಿ. ಸ್ಟೀಲ್ ಪಟ್ಟಿ ಅಡ್ಡ ಇಟ್ಟು ಫೀಲರ್ ಗೇಜ್ (ಬೇರೆ ಬೇರೆ ದಪ್ಪದ ತೆಳು ಬ್ಲೇಡ್‌ಗಳ ಅಳತೆ ಸಾಧನ) ತೂರಿಸಿ. 0.25 ಮಿಲಿಮೀಟರ್ ಬ್ಲೇಡ್ ನುಗ್ಗಿದರೆ ನಾನು ಅದನ್ನು ಸಪಾಟು ಮಾಡಿಸಲು ಮೆಷಿನ್ ಶಾಪ್‌ಗೇ ಕಳಿಸುವುದು. ಅನೇಕ ಹಳೇ ಎಂಜಿನ್‌ಗಳಲ್ಲಿ ಇಂಟೇಕ್ (ಎಂಜಿನ್ನಿಗೆ ಗಾಳಿ-ಪೆಟ್ರೋಲ್ ತರುವ ಮ್ಯಾನಿಫೋಲ್ಡ್), ಎಕ್ಸಾಸ್ಟ್ ಎರಡನ್ನೂ ಒಂದೇ ಸ್ಟಡ್, ಅದರ ಮೇಲಿನ ಒಂದು ಅಗಲವಾದ ವಾಷರ್ ಹಿಡಿದಿರುತ್ತದೆ. ಎರಡರ ಅಂಚಿನ ದಪ್ಪ ಅಳೆಯಿರಿ. ವ್ಯತ್ಯಾಸ ಇದ್ದರೆ ವಾಷರ್ ವಾಲಿಕೊಂಡು ದಪ್ಪಗಿರುವುದನ್ನು ಮಾತ್ರ ಒತ್ತುತ್ತದೆ. ಇನ್ನೊಂದು ಸೋರುತ್ತದೆ. ಮೆಷಿನ್ ಮಾಡಿಸಿದ ಮೇಲೂ ಇದನ್ನು ಅಳೆಯಬೇಕು. ಎಷ್ಟೋ ಜನ ಗ್ಯಾಸ್ಕೆಟ್ ಮೇಲೆ ಗ್ಯಾಸ್ಕೆಟ್ ಬದಲಿಸುತ್ತಾರೆ, ಈ ದಪ್ಪ ಮಾತ್ರ ನೋಡುವುದೇ ಇಲ್ಲ.

ಈಗ ಜೋಡಣೆ. ಹೊಸ ಸ್ಟಡ್, ಹೊಸ ಗ್ಯಾಸ್ಕೆಟ್, ಹಿತ್ತಾಳೆ ನಟ್. ಹಿತ್ತಾಳೆ ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ, ಮುಂದೆ ಬಿಚ್ಚುವವರಿಗೆ ಸುಲಭ. ಗ್ಯಾಸ್ಕೆಟ್‌ಗೆ ಸಿಲಿಕೋನ್ ಬಳಿಯಬೇಡಿ, ಈ ಬಿಸಿಗೆ ಅದು ಉಳಿಯುವುದಿಲ್ಲ. ಇಂಟೇಕ್ ಮತ್ತು ಎಕ್ಸಾಸ್ಟನ್ನು ಒಂದಕ್ಕೊಂದು ಸೇರಿಸುವ ಬೋಲ್ಟ್‌ಗಳಿದ್ದರೆ ಸಡಿಲವಾಗಿಯೇ ಇರಲಿ. ಸೈಲೆನ್ಸರ್ ಪೈಪ್ ಕೂಡ ಹಾಗೇ. ಎರಡೂ ಮ್ಯಾನಿಫೋಲ್ಡ್‌ಗಳು ಹೆಡ್‌ಗೆ ಸರಿಯಾಗಿ ಕೂತ ಮೇಲೆಯೇ ಅವನ್ನು ಬಿಗಿ ಮಾಡಿ. ಮೊದಲೇ ಬಿಗಿದರೆ ಬೀಡು ಕಬ್ಬಿಣದ ಮೇಲೆ ಎಳೆತ ಬಿದ್ದು ಬಿರುಕು ಬಿಡುತ್ತದೆ.

ಹೆಡ್‌ನ ನಟ್‌ಗಳನ್ನು ಮಧ್ಯದಿಂದ ಶುರು ಮಾಡಿ ಎರಡೂ ತುದಿಯ ಕಡೆ ಹೋಗುತ್ತಾ, ಮೂರು ಹಂತಗಳಲ್ಲಿ ಬಿಗಿ ಮಾಡಿ. ಎಷ್ಟು ಟಾರ್ಕ್ (ತಿರುಗಿಸಿ ಬಿಗಿಯುವ ಬಲ) ಎಂಬುದನ್ನು ಆ ಕಾರಿನ ಮ್ಯಾನ್ಯುಯಲ್ ನೋಡಿಯೇ ತಿಳಿಯಿರಿ, ಕೈ ಅಂದಾಜು ಬೇಡ.

ಎಂಜಿನ್ ಪೂರ್ತಿ ಬಿಸಿಯಾಗುವ ತನಕ ಓಡಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಆಮೇಲೆ ಅದೇ ಕ್ರಮದಲ್ಲಿ ಇನ್ನೊಮ್ಮೆ ಟಾರ್ಕ್ ವ್ರೆಂಚ್ ಹಾಕಿ. ಗ್ಯಾಸ್ಕೆಟ್ ಕೂತುಕೊಂಡು ನಟ್‌ಗಳು ಒಂದಷ್ಟು ಸಡಿಲವಾಗಿರುತ್ತವೆ.